ಎಕ್ಸ್‌ರೇ ಚಿಕ್ಕಮ್ಮನ ದುರ್ಬೀನು

ನಮ್ಮ ಚಿಕ್ಕಮ್ಮ ನಿವೃತ್ತಳಾದ ದಿನ ಆಸ್ಪತ್ರೆಯವರು ಅವಳಿಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಇನ್ನು ಮೇಲೆ ಯಾವ ಹೊತ್ತಿಗೂ ಎಲ್ಲಿಗೂ ಹೋಗಬೇಕಾಗಿಲ್ಲದವರಿಗೆ ಹುಡುಕಿ ಹುಡುಕಿ ಗಡಿಯಾರವನ್ನೇ ಯಾಕೆ ಕೊಡುತ್ತಾರೋ, ಕೊಟ್ಟವರೇ ಹೇಳಬೇಕು. ಮೂಳೆ ಡಾಕ್ಟರು ಎದ್ದು ನಿಂತು, "ಮೇಡಂ ನಮ್ಮ ಆಸ್ಪತ್ರೆಯ ಬೆನ್ನೆಲುಬು" ಎಂದರು. ಎಕ್ಸ್‌ರೇ ಕೋಣೆಯವರನ್ನು ಬೀಳ್ಕೊಡುವಾಗ ಇದಕ್ಕಿಂತ ಹೊಸ ಮಾತು ಅವರಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಕೇಕು ತಿಂದರು, ಕೈ ಒರೆಸಿಕೊಂಡರು. ಚಿಕ್ಕಮ್ಮ ಗಡಿಯಾರವನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸು ಹತ್ತಿ ಮನೆಗೆ ಬಂದಳು.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಮದುವೆಯಾಗಲಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆಲ್ಲ ಅಮ್ಮನ ಬಳಿ ಒಂದು ಸಿದ್ಧ ಉತ್ತರವಿತ್ತು: "ಯಾರನ್ನ ತೋರಿಸಿದ್ರೂ ಇವಳು ಮುಖ ನೋಡಲ್ಲ, ಪಕ್ಕೆಲುಬು ನೋಡ್ತಾಳೆ." ಅನ್ಯಾಯದ ಮಾತು, ಆದರೆ ಪೂರ್ತಿ ಸುಳ್ಳೂ ಅಲ್ಲ. ಚಿಕ್ಕಮ್ಮ ಕೆಲಸ ಮಾಡುತ್ತಿದ್ದದ್ದು ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ. ಬಾಗಿಲಿಗೆ ಸೀಸದ ತಗಡು, ಒಳಗೆ ತಣ್ಣನೆಯ ಮೇಜು, ಮೇಜಿನ ಮೇಲೆ, ಬಿದ್ದು ಕೈ ಮುರಿದುಕೊಂಡವರು, ಬೀಳದೆಯೂ ಮುರಿದುಕೊಂಡವರು. ಅವರಿಗೆ ಅವಳು ಹೇಳುತ್ತಿದ್ದ ಮಾತು ಇಷ್ಟೇ: "ಅಲ್ಲಾಡಬೇಡಿ. ಉಸಿರು ಹಿಡ್ಕೊಳ್ಳಿ. ಹ್ಞಾಂ, ಬಿಡಿ." ಒಂದು ಜೀವಮಾನಕ್ಕೆ ಸಾಕಾಗುವಷ್ಟು ಸಲ ಇದನ್ನೇ ಹೇಳಿದ್ದರಿಂದಲೋ ಏನೋ, ಮನೆಗೆ ಬರುವ ಹೊತ್ತಿಗೆ ಅವಳ ಬಾಯಲ್ಲಿ ಬೇರೆ ಮಾತು ಉಳಿದಿರುತ್ತಿರಲಿಲ್ಲ. ಬೀದಿಯವರೆಲ್ಲ ಅವಳನ್ನು ಎಕ್ಸ್‌ರೇ ಮೇಡಂ ಎಂದೇ ಕರೆಯುತ್ತಿದ್ದರು.

ನಿವೃತ್ತಿಯಾದ ಹೆಂಗಸು ಏನು ಮಾಡಬೇಕು ಎಂಬುದರ ಬಗ್ಗೆ ಜಗತ್ತಿನಲ್ಲಿ ಸಲಹೆಗಳಿಗೆ ಬರವಿಲ್ಲ. ಒಬ್ಬ ಸೋದರತ್ತೆ ತನ್ನ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಭಾಗ್ಯವನ್ನು ಧಾರಾಳವಾಗಿ ನೀಡಲು ಮುಂದೆ ಬಂದಳು. ದೊಡ್ಡಪ್ಪ ಫೋನು ಮಾಡಿ, ಬೆಳಿಗ್ಗೆ ವೇಗವಾಗಿ ನಡೆಯಬೇಕೆಂದೂ ಸಂಜೆ ನಿಧಾನವಾಗಿ ಉಸಿರಾಡಬೇಕೆಂದೂ ಅಪ್ಪಣೆ ಕೊಡಿಸಿದ. ಎಲ್ಲರ ಮಾತಿಗೂ ಚಿಕ್ಕಮ್ಮ "ಹ್ಞೂಂ" ಎಂದಳು. ಆಮೇಲೊಂದು ದಿನ ಪೇಟೆಗೆ ಹೋಗಿ ಒಂದು ದುರ್ಬೀನು ಕೊಂಡುಕೊಂಡು ಬಂದಳು.

ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಏನೇ ಇದು? ಯುದ್ಧಕ್ಕೆ ಹೊರಟಿದ್ಯಾ?"

"ಹಕ್ಕಿ ನೋಡ್ತೀನಿ, ಅಕ್ಕ."

"ಹಕ್ಕಿ ನೋಡಕ್ಕೆ ದುರ್ಬೀನು ಬೇಕಾ? ಅಡುಗೆಮನೆ ಕಿಟಕಿ ತೆಗೆದಿಟ್ರೆ ಪಾರಿವಾಳ ಬಂದು ಪಾತ್ರೆ ಮೇಲೇ ಕೂರುತ್ತೆ."

"ಇಷ್ಟು ವರ್ಷ ಅಲ್ಲಾಡ್ದೇ ಇರೋದನ್ನ ನೋಡಿದೀನಿ," ಎಂದಳು ಚಿಕ್ಕಮ್ಮ. "ಇನ್ನು ಅಲ್ಲಾಡೋದನ್ನ ನೋಡಬೇಕು ಅಂತ."

ಅವಳ ಮಟ್ಟಿಗೆ ಅದು ದೊಡ್ಡ ಭಾಷಣ. ಅಮ್ಮ ಒಂದು ಕ್ಷಣ ಸುಮ್ಮನಾದಳು. ಅಮ್ಮನ ಮಟ್ಟಿಗೆ ಅದೂ ದೊಡ್ಡದೇ.

ಮೊದಲು ಚಿಕ್ಕಮ್ಮ ಕ್ರಮಬದ್ಧವಾಗಿ ಕಲಿಯೋಣವೆಂದು ಊರಿನ ಪಕ್ಷಿವೀಕ್ಷಕರ ಸಂಘಕ್ಕೆ ಸೇರಿದಳು. ಅವರು ಒಂದು ಭಾನುವಾರ ಕೆರೆಯ ಬಳಿ ಸೇರಿದರು. ಎಲ್ಲರೂ ಎಲೆಯ ಬಣ್ಣದ ಬಟ್ಟೆ ತೊಟ್ಟಿದ್ದರು, ಹಕ್ಕಿಗಳಿಗೆ ಕಾಣಬಾರದೆಂದು. ಕಾರು ನಿಲ್ಲಿಸುವ ಜಾಗದಲ್ಲಿ ಗುಂಪಾಗಿ ನಿಂತು ಗಟ್ಟಿಯಾಗಿ ಹರಟುತ್ತಿದ್ದರು, ಹಕ್ಕಿಗಳಿಗೆ ಕೇಳುವುದಿಲ್ಲವೆಂದು. ಒಬ್ಬೊಬ್ಬರ ಕೊರಳಲ್ಲೂ ಫಿರಂಗಿಯಷ್ಟು ಉದ್ದದ ಕ್ಯಾಮೆರಾ. ಯಾರಾದರೂ ಬೆರಳು ತೋರಿಸಿ ಒಂದು ಹೆಸರು ಕೂಗುವುದು, ಎಲ್ಲರೂ ಕ್ಲಿಕ್ಕಿಸುವುದು, ಮುಂದಿನ ಮರಕ್ಕೆ ಓಡುವುದು. ಮಧ್ಯಾಹ್ನ ಚಿಕ್ಕಮ್ಮ ಚಪ್ಪಲಿಯ ಕೆಸರು ತೊಳೆಯುತ್ತ ತನ್ನ ತೀರ್ಪು ಕೊಟ್ಟಳು: "ಅವರು ಹಕ್ಕಿ ನೋಡಲ್ಲ. ಹಾಜರಿ ತಗೋತಾರೆ." ಆ ಸಂಘಕ್ಕೆ ಮತ್ತೆ ಹೋಗಲಿಲ್ಲ. ಬದಲಿಗೆ ನಮ್ಮ ಹಿಂದಿನ ಬಾಲ್ಕನಿಯಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡು ಕುಳಿತಳು.

ನಮ್ಮದು ಮೂರನೆಯ ಮಹಡಿ. ಹಿಂದಿನ ಬಾಲ್ಕನಿಯಿಂದ ಕಾಣುವ ಪ್ರಕೃತಿ ಸೌಂದರ್ಯವನ್ನು ವರ್ಣಿಸಲು ಹೆಚ್ಚು ಹೊತ್ತು ಬೇಡ: ಬಟ್ಟೆ ಒಣಹಾಕುವ ಹಗ್ಗ, ಕೆಳಗೆ ಕಳೆ ಬೆಳೆದ ಒಂದು ಖಾಲಿ ಸೈಟು, ಅದರಾಚೆ ಎದುರು ಕಟ್ಟಡದ ಬೆನ್ನು. ಕಟ್ಟಡಗಳ ಬೆನ್ನು ಎಲ್ಲ ಕಡೆಯೂ ಒಂದೇ. ಪೈಪುಗಳು, ಸ್ನಾನದ ಮನೆಯ ಕಿಟಕಿಗಳು, ಮುಂದಿನ ಗೋಡೆಗೆ ಮಾತ್ರ ಸಾಲುವಷ್ಟು ಬಣ್ಣ ತಂದವರ ಬುದ್ಧಿವಂತಿಕೆ. ಆ ಗೋಡೆಯಲ್ಲಿ, ಆ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳ ಮನೆಯ ಸ್ನಾನದ ಕಿಟಕಿಯ ಪಕ್ಕ, ಎ.ಸಿ. ಪೈಪಿಗೆಂದು ಕೊರೆದು ಎ.ಸಿ.ಯೇ ಬಾರದೆ ಉಳಿದ ಒಂದು ತೂತಿತ್ತು. ಚಿಕ್ಕಮ್ಮ ನೋಡಲು ಆರಿಸಿಕೊಂಡದ್ದು ಆ ತೂತನ್ನು.

ನಾನು ಔಷಧಿ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿಯವಳು. ಬೆಳಿಗ್ಗೆಯೆಲ್ಲ ಮನೆಯಲ್ಲೇ ಇರುತ್ತಿದ್ದರಿಂದ ಈ ತಪಸ್ಸನ್ನು ಹತ್ತಿರದಿಂದ ಕಂಡೆ. ಮೊದಮೊದಲು ತಪಸ್ಸಿಗಿಂತ ನಿದ್ದೆಯೇ ಹೆಚ್ಚಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಕುಳಿತವಳು ಬಿಸಿಲು ಮೊಣಕಾಲಿಗೆ ಬರುವಷ್ಟರಲ್ಲಿ ತೂಕಡಿಸುತ್ತಿದ್ದಳು. ದುರ್ಬೀನು ಮಡಿಲಲ್ಲಿ, ಗಲ್ಲ ಎದೆಯ ಮೇಲೆ. ಅಮ್ಮ ಬಟ್ಟೆ ಹಿಂಡುತ್ತ, "ಹೆದರಬೇಡ, ಹಕ್ಕಿ ನಿನ್ನನ್ನ ಚೆನ್ನಾಗಿ ನೋಡ್ಕೋತಿದೆ," ಎನ್ನುತ್ತಿದ್ದಳು. ಎಚ್ಚರವಿದ್ದಾಗಲೂ ಚಿಕ್ಕಮ್ಮನಿಗೆ ಏನೂ ಕಾಣುತ್ತಿರಲಿಲ್ಲ. ಒಂದು ದಿನ, "ಇವತ್ತು ಏನು ನೋಡಿದೆ?" ಎಂದು ಕೇಳಿದೆ. ಪ್ರಾಮಾಣಿಕವಾಗಿ ಯೋಚಿಸಿ, "ತೂತು" ಎಂದಳು.

ಆದರೂ ಬಿಡಲಿಲ್ಲ. ಮಸುಕಾಗಿ ಬಂದ ಚಿತ್ರವನ್ನು ಬೇಸರವಿಲ್ಲದೆ ಮತ್ತೆ ತೆಗೆಯುವುದು ಅವಳ ಹಳೆಯ ಅಭ್ಯಾಸ. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹೋದಾಗ, ತಿರುಗಿ ನೋಡದೆಯೇ ಕೈಯೆತ್ತಿ ನನ್ನನ್ನು ತಡೆದಳು. ತೂತಿನ ಬಾಯಲ್ಲಿ ಒಂದು ಗಂಡು ಗುಬ್ಬಿ ಕುಳಿತಿತ್ತು. ಗಲ್ಲದ ಕೆಳಗೆ ಕರವಸ್ತ್ರ ಕಟ್ಟಿಕೊಂಡಂತೆ ಕಪ್ಪು ಮಚ್ಚೆ. ಎದೆಯುಬ್ಬಿಸಿ, ರೆಕ್ಕೆ ಅದುರಿಸಿ, ಒಂದೇ ಸ್ವರವನ್ನು ಬಿಟ್ಟೂ ಬಿಡದೆ ಕೂಗುತ್ತಿತ್ತು.

"ಮನೆ ತೋರಿಸ್ತಿದಾನೆ," ಪಿಸುಗುಟ್ಟಿದಳು ಚಿಕ್ಕಮ್ಮ. "ಇನ್ನೂ ಯಾರೂ ಬಂದಿಲ್ಲ."

ಕೆಲವು ದಿನಗಳಲ್ಲಿ ಯಾರೋ ಬಂದರು. ಮಣ್ಣು ಬಣ್ಣದ ಒಂದು ಹೆಣ್ಣು ಗುಬ್ಬಿ ಒಳಹೊಕ್ಕು ನೋಡಿತು, ಹೊರಬಂದಿತು, ಇಷ್ಟವಾಗದ ಮುಖ ಮಾಡಿ ಹಾರಿಹೋಯಿತು, ಮರುದಿನ ಮತ್ತೆ ಬಂದಿತು. ಅಲ್ಲಿಂದ ಚಿಕ್ಕಮ್ಮನ ನಿದ್ದೆ ಬಿಟ್ಟಿತು. ಗಂಡಿಗೆ "ಯಜಮಾನ್ರು" ಎಂದೂ ಹೆಣ್ಣಿಗೆ "ಅಮ್ಮಾವ್ರು" ಎಂದೂ ಹೆಸರಿಟ್ಟಳು. ಊಟದ ಹೊತ್ತಿಗೆ ಸುದ್ದಿ ಬರತೊಡಗಿತು. ಯಜಮಾನ್ರು ಇವತ್ತು ಹುಲ್ಲಿನ ಬದಲು ಪ್ಲಾಸ್ಟಿಕ್ ದಾರ ತಂದರು, ಅಮ್ಮಾವ್ರು ಅದನ್ನು ಹೊರಗೆಸೆದರು. ಯಜಮಾನ್ರು ತಾರಸಿಯ ಟ್ಯಾಂಕಿನ ಹತ್ತಿರ ನೀರು ಕುಡಿಯುವ ಜಾಗ ಕಂಡುಕೊಂಡಿದ್ದಾರೆ. ಪಕ್ಕದ ತಂತಿಯ ಮೇಲಿನ ಇನ್ನೊಬ್ಬ ಗಂಡು ಮನೆ ಕಬಳಿಸಲು ನೋಡಿದ, ಒದೆ ತಿಂದ. ಮೂವತ್ತು ವರ್ಷ "ಉಸಿರು ಹಿಡ್ಕೊಳ್ಳಿ" ಎಂದವಳ ಬಾಯಿಂದ ಇಷ್ಟು ಮಾತು ಕೇಳಿ ಅಮ್ಮ, "ಇವಳಿಗೇನೋ ಆಗಿದೆ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ತಪ್ಪುಗಳೂ ಆದವು. ಒಂದು ಮಧ್ಯಾಹ್ನ ಚಿಕ್ಕಮ್ಮ ಕಂಗೆಟ್ಟು ಅಡುಗೆಮನೆಗೆ ಬಂದು, ಯಜಮಾನ್ರು ಬೆಳ್ಳಗಿನ ಮೊಟ್ಟೆಯನ್ನು ಕೊಕ್ಕಿನಲ್ಲಿ ಕಚ್ಚಿ ತಂದು ಹೊರಗೆ ಎಸೆಯುತ್ತಿದ್ದಾರೆಂದಳು. ಇಂಥ ತಂದೆಯನ್ನು ಏನು ಮಾಡಬೇಕೆಂದು ಎರಡು ದಿನ ಮನೆಯಲ್ಲಿ ಚರ್ಚೆಯಾಯಿತು. ಅಮ್ಮ ಎಲ್ಲ ಗಂಡಸರನ್ನೂ ಸೇರಿಸಿ ಒಂದು ಶಾಪ ಹಾಕಿದಳು. ಮೂರನೆಯ ದಿನ ಚಿಕ್ಕಮ್ಮ ಪೆಚ್ಚು ಮೋರೆ ಹಾಕಿಕೊಂಡು ಬಂದು ಹೇಳಿದಳು: "ಮೊಟ್ಟೆ ಅಲ್ಲ ಅಕ್ಕ. ಒಳಗೆ ಮರಿಗಳಾಗಿವೆ. ಅದು ಮರಿಗಳ ಹೇಲು. ಬೆಳ್ಳಗೆ ಗಂಟು ಕಟ್ಟಿದ ಹಾಗೆ ಬರತ್ತೆ, ಅಪ್ಪ ಎತ್ಕೊಂಡು ಹೋಗಿ ದೂರ ಹಾಕ್ತಾನೆ."

ಅಮ್ಮ ಸೌಟು ಕೆಳಗಿಟ್ಟಳು. "ಹೌದಾ? ನಮ್ಮ ವಂಶದಲ್ಲಿ ಒಬ್ಬ ಗಂಡಸೂ ಆ ಕೆಲಸ ಮಾಡಿದ್ದು ನಾ ಕಾಣೆ," ಎಂದು ಆ ಶಾಪವನ್ನು ಯಜಮಾನ್ರ ಮಟ್ಟಿಗೆ ಹಿಂತೆಗೆದುಕೊಂಡಳು.

ಇಷ್ಟರಲ್ಲಿ ಎದುರು ಕಟ್ಟಡದವರು ಎಚ್ಚೆತ್ತಿದ್ದರು. ದಿನವೂ ಬೆಳಗಾದರೆ ಒಬ್ಬ ಹೆಂಗಸು ದುರ್ಬೀನು ಹಿಡಿದು ತಮ್ಮ ಕಟ್ಟಡದ ಕಡೆಗೇ ಮುಖ ಮಾಡಿ, ಕಲ್ಲಿನ ಹಾಗೆ ಕೂತಿರುತ್ತಾಳೆ. ಅವಳ ಹೆಸರೇ ಎಕ್ಸ್‌ರೇ. ಮೊದಲು ಎರಡನೆಯ ಮಹಡಿಯಲ್ಲಿ ಪರದೆ ಬಂತು, ಆಮೇಲೆ ನಾಲ್ಕನೆಯದರಲ್ಲಿ. ವಾರದೊಳಗೆ ಆ ಬೆನ್ನಿಗೆ ಅಂಗಿ ತೊಡಿಸಿದಂತಾಯಿತು. ಔಷಧಿ ಅಂಗಡಿಗೆ ಬಂದವರೊಬ್ಬರು ನನಗೆ ಹೇಳಿದರು: "ಪರದೆ ಹಾಕಿ ಏನು ಪ್ರಯೋಜನ ಹೇಳಿ? ಅವರಿಗೆ ಮೂಳೆನೇ ಕಾಣತ್ತಂತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ನಮ್ಮ ಚಿಕ್ಕಮ್ಮ ಕುಂಬಳಕಾಯಿ ಎಂದು ಬಾಯಿ ಕೂಡ ಬಿಟ್ಟಿರಲಿಲ್ಲ. ಅಷ್ಟರಲ್ಲೇ ಹೆಗಲು ಮುಟ್ಟಿಕೊಂಡವರಲ್ಲಿ ಮೊದಲಿಗರು ಹೆಡ್ಮಾಸ್ಟರು.

ಹೆಡ್ಮಾಸ್ಟರು ಎದುರು ಕಟ್ಟಡದ ನಾಲ್ಕನೆಯ ಮಹಡಿಯವರು. ನಿವೃತ್ತರಾದರೂ ಶಿಸ್ತಿನಿಂದ ನಿವೃತ್ತರಾದವರಲ್ಲ. ಬೀದಿಯಲ್ಲಿ ಕಾಗದದ ಚೂರು ಬಿದ್ದರೂ ಬಿಸಾಡಿದವರನ್ನು ಕರೆದು ಪಾಠ ಹೇಳುತ್ತಿದ್ದರು. ಖಾಲಿ ಸೈಟಿನ ಮೂಲೆಯಲ್ಲಿ "ಇಲ್ಲಿ ಕಸ ಹಾಕುವವರು ಮನುಷ್ಯರಲ್ಲ" ಎಂಬ ಫಲಕ ನೆಡಿಸಿದವರೂ ಅವರೇ. ನನಗೆ ರಜೆಯಿದ್ದ ಒಂದು ಸಂಜೆ ಅವರು ಕಿತ್ತಳೆ ಹಣ್ಣಿನ ಚೀಲ ಹಿಡಿದು ನಮ್ಮ ಮನೆಗೆ ಬಂದರು. ಕುಳಿತರು. ಹವಾಮಾನ ವಿಚಾರಿಸಿದರು. ಚಿಕ್ಕಮ್ಮ ಎಂದಿನಂತೆ ಸುಮ್ಮನೆ ಅವರ ಮುಖ ನೋಡುತ್ತಿದ್ದಳು. ಅದೇ ಅವರಿಗೆ ಮುಳುವಾಯಿತು.

"ನೋಡಿ ಮೇಡಂ, ನೀವು ಎಲ್ಲಾ ನೋಡಿದೀರಿ ಅಂತ ನನಗೆ ಗೊತ್ತು," ಎಂದು ತಟ್ಟನೆ ಶುರು ಮಾಡಿದರು. "ಇಲ್ಲ ಅಂತ ಹೇಳ್ಬೇಡಿ. ನನ್ನ ಮೊಣಕಾಲು ನಿಮಗೆ ಗೊತ್ತಲ್ಲ, ನೀವೇ ಫಿಲ್ಮ್ ತೆಗೆದದ್ದು. ಲಿಫ್ಟು ಬೇರೆ ಕೆಟ್ಟಿತ್ತು. ಮೊದಲನೇ ಸಲ ಹಾಗೇ ಆಗಿದ್ದು. ಆಮೇಲೆ ಅಭ್ಯಾಸ ಆಗೋಯ್ತು. ಕಸ ಬೆಳ್ಳನೆ ಚೀಲದಲ್ಲಿ ಗಟ್ಟಿಯಾಗಿ ಗಂಟು ಕಟ್ಟಿಯೇ ಕಿಟಕಿಯಿಂದ ಎಸೀತೀನಿ, ಹಾಗೆಲ್ಲ ಚೆಲ್ಲಲ್ಲ."

ಚಿಕ್ಕಮ್ಮ, "ಮೊಣಕಾಲು ಈಗ ಹೇಗಿದೆ?" ಎಂದಳು.

ಇದನ್ನು ಅವರು ಬೆದರಿಕೆ ಎಂದು ತಿಳಿದರೋ ಕರುಣೆ ಎಂದು ತಿಳಿದರೋ, ಕಣ್ಣು ಒದ್ದೆ ಮಾಡಿಕೊಂಡು ಹೊರಟುಹೋದರು. ಕಿತ್ತಳೆ ಚೆನ್ನಾಗಿದ್ದವು.

ಅವರ ಹಿಂದೆಯೇ ಸಂಗೀತದ ಟೀಚರ್ ಬಂದರು. ಎರಡನೆಯ ಮಹಡಿಯ ಈ ಟೀಚರ್ ಬೆಳಗಿನ ಜಾವ ಮಾಡುವ ಅಭ್ಯಾಸ ಸುತ್ತಲಿನ ನಾಲ್ಕು ಬೀದಿಗೆ ಪ್ರಸಿದ್ಧ. ಅವರ ಕಂಠ ಕೇಳಿ ಅಮ್ಮಂದಿರು ತಮ್ಮ ಮಕ್ಕಳನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದರು; "ನೋಡು, ಅವರು ಈ ವಯಸ್ಸಲ್ಲೂ ಹೇಗೆ ಸಾಧನೆ ಮಾಡ್ತಾರೆ!" ಟೀಚರ್ ಬಾಗಿಲು ಹಾಕಿಕೊಂಡು ಪಿಸುದನಿಯಲ್ಲಿ ಹೇಳಿದ್ದೇನೆಂದರೆ, ಆ ಸಾಧನೆ ಹದಿನೈದು ವರ್ಷದ ಹಿಂದೆ ಮಾಡಿದ್ದು. ಆಗಲೇ ಧ್ವನಿ ಮುದ್ರಿಸಿಕೊಂಡಿದ್ದರು. ಈಗ ಬೆಳಿಗ್ಗೆ ಕೈಚಾಚಿ ಗುಂಡಿ ಒತ್ತಿ, ಸ್ಪೀಕರನ್ನು ಕಿಟಕಿಗೆ ತಿರುಗಿಸಿ, ಮತ್ತೆ ಹೊದ್ದು ಮಲಗುತ್ತಾರೆ.

"ನನ್ನ ಶಿಷ್ಯರಿಗೆ ದಯವಿಟ್ಟು ಹೇಳ್ಬೇಡಿ, ಮೇಡಂ."

"ಇಲ್ಲ," ಎಂದಳು ಚಿಕ್ಕಮ್ಮ. ಆಮೇಲೆ, ಏನಾದರೂ ಹೇಳಬೇಕಲ್ಲ ಎಂದು, "ರೆಕಾರ್ಡಿಂಗ್ ಚೆನ್ನಾಗಿದೆ," ಎಂದಳು.

ಒಂದು ಕಟ್ಟಡದ ಗುಟ್ಟು ತಿಳಿಯಬೇಕಾದರೆ ಅದರೊಳಗೆ ಇಣುಕಬೇಕಾಗಿಲ್ಲ. ಅದರ ಮುಂದೆ ಕುಳಿತು ಒಂದು ಗುಬ್ಬಿಯನ್ನು ಶ್ರದ್ಧೆಯಿಂದ ನೋಡಿದರೆ ಸಾಕು, ಅದೇ ನಡೆದುಕೊಂಡು ಬಂದು ಬಾಗಿಲು ತಟ್ಟುತ್ತದೆ. ಇದು ಆಗ ನಾನು ಕಲಿತ ಪಾಠ. ಚಿಕ್ಕಮ್ಮ ಯಾವ ಪಾಠವನ್ನೂ ಕಲಿಯಲಿಲ್ಲ. ಅವರು ಹೋದೊಡನೆ ಬಾಲ್ಕನಿಗೆ ಓಡಿ, "ಅಯ್ಯೋ, ಒಂದು ಸರದಿ ತಪ್ಪಿಹೋಯ್ತು, ಹುಳು ತಂದ್ರೋ ಏನೋ," ಎಂದು ಒದ್ದಾಡಿದಳು.

ಎಲ್ಲರೂ ಹೀಗೆ ಮೆತ್ತಗಾಗಲಿಲ್ಲ. ಎದುರು ಕಟ್ಟಡದ ಸಂಘದ ಕಾರ್ಯದರ್ಶಿಗಳಿಗೆ ಸಿಟ್ಟು ಬಂದಿತ್ತು. ಅವರ ಸ್ನಾನದ ಕಿಟಕಿಯ ಮಗ್ಗುಲಿಗೇ ದುರ್ಬೀನಿನ ಗುರಿಯಿದ್ದದ್ದು. ಅರವತ್ತು ದಾಟಿದ, ಮಡಕೆಯಂಥ ಹೊಟ್ಟೆಯ ಒಬ್ಬ ಮಹನೀಯರು ಮೈಗೆ ಸೋಪು ಹಚ್ಚಿಕೊಳ್ಳುವುದನ್ನು ನೋಡಲು ಒಬ್ಬ ಹೆಂಗಸು ಬೆಳಗಿನ ನಿದ್ದೆ ಬಿಟ್ಟು ಏಳುತ್ತಾಳೆಂದು ಅವರು ನಿಜವಾಗಿಯೂ ನಂಬಿದ್ದರು. ಈ ಆತ್ಮವಿಶ್ವಾಸ ದೇವರು ಗಂಡಸರಿಗೆ ಮಾತ್ರ ಕೊಟ್ಟ ವರ. ನೀರಿನ ಅಭಾವದ ಬಗ್ಗೆ ವಾರಕ್ಕೊಂದು ನೋಟೀಸು ಹಚ್ಚುವ ಅವರು ಈ ಸಲ ಬೇರೆ ನೋಟೀಸು ಹಚ್ಚಿದರು: ಭಾನುವಾರ ಸಭೆ; ವಿಷಯ, ನಿವಾಸಿಗಳ ಮಾನಮರ್ಯಾದೆ ಮತ್ತು ಹಿಂದಿನ ಗೋಡೆಯ ದುರಸ್ತಿ. ಗೋಡೆಯ ತೂತನ್ನು ಸಿಮೆಂಟು ಹಾಕಿ ಮುಚ್ಚಿದರೆ ಗುಬ್ಬಿ ನೋಡುತ್ತೇನೆಂಬ ನೆಪವೇ ಇರುವುದಿಲ್ಲವಲ್ಲ ಎಂಬುದು ಅವರ ಲೆಕ್ಕಾಚಾರ. ಗಾರೆ ಕೆಲಸದವನಿಗೆ ಸೋಮವಾರಕ್ಕೆ ಹೇಳಿಯೂ ಆಗಿತ್ತು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಎಂಬ ಮಾತನ್ನು ಅಕ್ಷರಶಃ ನಡೆಸಿ ತೋರಿಸಲು ಹೊರಟವರು ನಾನು ಕಂಡಂತೆ ಅವರೊಬ್ಬರೇ.

ಸುದ್ದಿ ಕೇಳಿ ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಮರಿಗಳು ಒಳಗಿದ್ದವು. ಅವುಗಳ ದನಿ ಈಗ ನಮ್ಮ ಬಾಲ್ಕನಿಯವರೆಗೂ ಕೇಳುತ್ತಿತ್ತು. ಅವಳು ಊಟ ಮಾಡಲಿಲ್ಲ. ತಟ್ಟೆಯ ಮುಂದೆ ಕೂತು, "ಇನ್ನೊಂದು ವಾರ ಬಿಟ್ರೆ ಹಾರಿ ಹೋಗ್ತವೆ. ಒಂದೇ ವಾರ," ಎಂದು ಹೇಳಿಕೊಂಡಳು. ಆಮೇಲೆ, "ನಾನೇ ಹೋಗಿ ಎಲ್ಲಾ ವಿವರಿಸಿ ಹೇಳ್ತೀನಿ. ಹೇಳಿದ್ರೆ ಅರ್ಥ ಮಾಡ್ಕೋತಾರೆ," ಎಂದಳು. ಮನುಷ್ಯರ ಬಗ್ಗೆ ಅವಳಿಗಿದ್ದ ತಿಳಿವಳಿಕೆ ಅಷ್ಟೇ. ಒಳಗಿನ ಮೂಳೆ ಮಾತ್ರ ಗೊತ್ತು.

ಸಭೆ ಎದುರು ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಮೇಜಿನ ಮೇಲೆ ಯಾರೂ ಕುಡಿಯದ ನೀರಿನ ಬಾಟಲಿಗಳು. ಮುಂದಿನ ಸಾಲಿನಲ್ಲಿ ಹೆಡ್ಮಾಸ್ಟರೂ ಸಂಗೀತದ ಟೀಚರೂ ಯಾರ ಕಡೆಗೂ ನೋಡದೆ ಕುಳಿತಿದ್ದರು. ಅಮ್ಮನೂ ನಾನೂ ಚಿಕ್ಕಮ್ಮನ ಎರಡೂ ಪಕ್ಕದಲ್ಲಿ. ಕಾರ್ಯದರ್ಶಿಗಳು ಮಾನಮರ್ಯಾದೆಯ ಬಗ್ಗೆ ದೀರ್ಘವಾಗಿ ಮಾತನಾಡಿ, "ಮೇಡಂಗೆ ಏನಾದ್ರೂ ಹೇಳೋದಿದ್ರೆ ಹೇಳಬಹುದು," ಎಂದು ವ್ಯಂಗ್ಯವಾಗಿ ನಕ್ಕರು.

ಚಿಕ್ಕಮ್ಮ ಎದ್ದು ನಿಂತಳು. "ನಾನು ನೋಡಿದ್ದನ್ನ ಮೊದಲಿನಿಂದ ಹೇಳ್ತೀನಿ," ಎಂದಳು. "ಏನೂ ಮುಚ್ಚಿಡಲ್ಲ."

ಸಭೆ ಉಸಿರು ಹಿಡಿಯಿತು.

"ಬೆಳಗಿನ ಜಾವ ಇಡೀ ಬೀದಿಗೆ ಹಾಡು ಕೇಳಿಸ್ತಿರುತ್ತೆ. ಅಮ್ಮಾವ್ರು ಹಾಡ್ತಿದಾರೆ ಅಂತಲೇ ನಾನೂ ಅಂದ್ಕೊಂಡಿದ್ದೆ. ತುಂಬಾ ದಿನ ನೋಡಿದ ಮೇಲೆ ಗೊತ್ತಾಯ್ತು, ಅಮ್ಮಾವ್ರು ಹಾಡೋದೇ ಇಲ್ಲ. ಅವರು ಒಳಗೆ ಬೆಚ್ಚಗೆ ಮಲಗಿರ್ತಾರೆ."

ಸಂಗೀತದ ಟೀಚರ್ ಕೈಯಲ್ಲಿದ್ದ ಪರ್ಸು ಕೆಳಗೆ ಬಿತ್ತು.

"ಆಮೇಲೆ ಮನೆ ಒಳಗಿನ ಹೊಲಸು. ಅದನ್ನ ಬೆಳ್ಳಗೆ ಗಂಟು ಕಟ್ಟಿದ ಹಾಗೆ ಹೊರಗೆ ತಂದು, ಆ ಕಡೆ ಈ ಕಡೆ ಒಂದು ಸಲ ನೋಡಿ, ಸೀದಾ ಖಾಲಿ ಸೈಟಿಗೆ ಹಾಕೋದು. ಯಾರಿಗೂ ಗೊತ್ತಾಗಲ್ಲ ಅಂತ. ನಾನು ದಿನಾ ನೋಡ್ತೀನಿ."

"ಮೇಡಂ, ಮೇಡಂ," ಹೆಡ್ಮಾಸ್ಟರು ಅರ್ಧ ಎದ್ದರು. "ಅಷ್ಟು ವಿವರ ಯಾಕೆ? ಸಭೆಗೆ ಸಮಯ ಇಲ್ಲ."

"ಇಲ್ಲ ಸಾರ್, ವಿವರ ಹೇಳಿದ್ರೇನೇ ಅರ್ಥ ಆಗೋದು," ಎಂದಳು ಚಿಕ್ಕಮ್ಮ ಬೇಡಿಕೊಳ್ಳುವಂತೆ, ಮತ್ತು ಕಾರ್ಯದರ್ಶಿಗಳ ಕಡೆಗೆ ತಿರುಗಿದಳು. "ಇನ್ನು ಯಜಮಾನ್ರ ವಿಷಯ. ಎಲ್ಲರೂ ಮಲಗಿರೋವಾಗ ಅವರು ಎದ್ದು ಮೊದಲು ಹೋಗೋದು ಎಲ್ಲಿಗೆ ಗೊತ್ತಾ? ಮೇಲೆ, ತಾರಸಿಗೆ. ನೀರಿನ ಟ್ಯಾಂಕಿನ ಹತ್ರ. ಅಲ್ಲಿ ಒಂದು ವಾಲ್ವ್ ಇದೆಯಲ್ಲ..."

ಕಾರ್ಯದರ್ಶಿಗಳ ನಗೆ ಮುಖದ ಮೇಲೆಯೇ ಒಣಗಿತು. ವಾಲ್ವಿನಲ್ಲಿ ಅಂಥದ್ದೇನಿದೆ ಎಂದು ನನಗಾಗ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಹಣೆಯ ಮೇಲೆ ಬೆವರು ಒಡೆಯಿತು. ಇಡೀ ಊರಿಗೆ ನೀರಿನ ಅಭಾವವಿದ್ದರೂ ಅವರ ಹಣೆಗಿರಲಿಲ್ಲ.

"ಸಾಕು!" ಎಂದು ಕೂಗಿದರು. "ನಾವೇನು ರಾಕ್ಷಸರಲ್ಲ. ಪಾಪದ ಗುಬ್ಬಿ. ಗೋಡೆ ಕೆಲಸ ಮುಂದಕ್ಕೆ ಹಾಕೋಣ. ಏನಂತೀರಿ?"

"ಹಾಕೋಣ ಅಲ್ಲ, ಬೇಡವೇ ಬೇಡ," ಎಂದರು ಹೆಡ್ಮಾಸ್ಟರು. "ಮೂಕ ಪ್ರಾಣಿಗಳ ಮೇಲೆ ದಯೆ ಇಲ್ಲದವರು ಮನುಷ್ಯರಲ್ಲ."

"ಅವೂ ಕಲಾವಿದರೇ," ಎಂದರು ಸಂಗೀತದ ಟೀಚರ್ ಕ್ಷೀಣವಾಗಿ.

ಸರ್ವಾನುಮತದಿಂದ ಅಂಗೀಕಾರವಾಯಿತು. ಉಳಿದವರು, ಈ ಮೂವರು ಒಪ್ಪಿದ ಮೇಲೆ ತಮ್ಮದೇನು ಹೊರಬರುತ್ತದೋ ಎಂದು ಅವರಿಗಿಂತ ಬೇಗ ಕೈಯೆತ್ತಿದರು. ಚಿಕ್ಕಮ್ಮ ಇನ್ನೂ ನಿಂತೇ ಇದ್ದಳು. "ನಾನು ಮರಿಗಳ ವಿಷಯಕ್ಕೇ ಬಂದಿಲ್ಲ," ಎಂದಳು. ಅವಳ ಮಾತು ಕೇಳಿಸಿಕೊಳ್ಳಲು ಅಲ್ಲಿ ಖಾಲಿ ಕುರ್ಚಿಗಳಷ್ಟೇ ಉಳಿದಿದ್ದವು.

ಮನೆಗೆ ಬರುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಚಿಕ್ಕಮ್ಮ, ನಿಜ ಹೇಳು. ಬೇಕಂತಲೇ ಹಾಗೆ ಹೇಳಿದ್ಯಲ್ವಾ?"

"ಹಾಗೆ ಅಂದ್ರೆ?"

"ಹಾಡು, ಗಂಟು... ಅವರೇ ಬಂದು ಹೇಳಿದ್ರಲ್ಲ ನಿನ್ ಹತ್ರ."

ಚಿಕ್ಕಮ್ಮ ನಿಂತಳು. ಅವಳ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ನಿಧಾನಕ್ಕೆ ನಾಚಿಕೆ ಕಾಣಿಸಿತು. "ಅಯ್ಯೋ," ಎಂದಳು. "ನನಗೆ ನೆನಪೇ ಇರಲಿಲ್ಲ ಕಣೇ. ಒಳಗೆ ಬಂದವರ ಒಳಗೇನಿತ್ತು ಅಂತ ಅವರು ಹೊರಗೆ ಹೋದ ಮೇಲೆ ತಲೇಲಿ ಇಟ್ಕೋಬಾರದು. ಕೆಲಸ ಮಾಡ್ತಾ ಮಾಡ್ತಾ ಹಾಗೇ ಆಗೋಗಿದೆ." ಸ್ವಲ್ಪ ದೂರ ನಡೆದು, "ಪಾಪ, ಎಷ್ಟು ಹೆದರಿದ್ರೋ," ಎಂದಳು. ಅಮ್ಮ ಮಾತ್ರ ರಸ್ತೆಯುದ್ದಕ್ಕೂ ನಗುತ್ತ ಬಂದಳು, ನಮ್ಮ ಬಾಗಿಲ ಬಳಿ ಬಂದಾಗಲೂ ನಗುತ್ತಿದ್ದಳು.

ಮುಂದಿನ ದಿನಗಳಲ್ಲಿ ತೂತಿನ ಬಾಯಲ್ಲಿ ಹಳದಿ ಅಂಚಿನ ಕೊಕ್ಕುಗಳು ಕಾಣತೊಡಗಿದವು. ಒಂದನ್ನೊಂದು ತಳ್ಳಿ ಇಣುಕುವುದು, ಆಳ ಕಂಡು ಹಿಂದೆ ಸರಿಯುವುದು. ಚಿಕ್ಕಮ್ಮ ಸ್ನಾನವನ್ನು ಸಂಜೆಗೆ ಬದಲಾಯಿಸಿಕೊಂಡಳು. ಒಂದು ಬೆಳಿಗ್ಗೆ ಅವಳು ನನ್ನನ್ನು ಅಲುಗಿಸಿ ಎಬ್ಬಿಸಿದಳು. ಯಜಮಾನ್ರೂ ಅಮ್ಮಾವ್ರೂ ಕೊಕ್ಕಿನಲ್ಲಿ ಹಸಿರು ಹುಳು ಕಚ್ಚಿಕೊಂಡು ತಂತಿಯ ಮೇಲೆ ಕುಳಿತಿದ್ದರು, ಒಳಗೆ ಹೋಗುತ್ತಿರಲಿಲ್ಲ. ಕರೆಯುತ್ತಿದ್ದರು. "ಇವತ್ತು," ಎಂದಳು ಚಿಕ್ಕಮ್ಮ. ಅವಳ ಕಣ್ಣು ಹೊಳೆಯುತ್ತಿತ್ತು. "ಇವತ್ತೇ ಹೊರಗೆ ಬರ್ತವೆ."

ಆಗ ಬಾಗಿಲಿನ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ಕಾರ್ಯದರ್ಶಿಗಳು.

"ಆಮೇಲೆ ಬನ್ನಿ ಸಾರ್, ಚಿಕ್ಕಮ್ಮ ಕೆಲಸದಲ್ಲಿದಾರೆ," ಎಂದೆ. ರಾತ್ರಿಯೆಲ್ಲ ಧೈರ್ಯ ಒಟ್ಟುಮಾಡಿಕೊಂಡು ಬಂದವರಿಗೆ ಅದು ಕೇಳಿಸಲಿಲ್ಲ. ಸೀದಾ ಬಾಲ್ಕನಿಗೆ ನುಗ್ಗಿ, ದುರ್ಬೀನಿಗೂ ಗೋಡೆಗೂ ನಡುವೆ ತಮ್ಮ ದೇಹವನ್ನು ನಿಲ್ಲಿಸಿ, ಕೈ ಜೋಡಿಸಿದರು. ಆ ದೇಹದಾಚೆ ಏನೂ ಕಾಣುವ ಹಾಗಿರಲಿಲ್ಲ. ವಾಲ್ವಿನ ಕಥೆ ಹೊರಬಿತ್ತು: ದಿನವೂ ಎಲ್ಲರಿಗಿಂತ ಮುಂಚೆ ಮೇಲೆ ಹೋಗಿ ಮಿಕ್ಕ ಮನೆಗಳ ನೀರು ತಿರುಗಿಸಿ ತಮ್ಮ ಮನೆಯ ತೊಟ್ಟಿ ತುಂಬಿಕೊಳ್ಳುತ್ತಿದ್ದರು. ತಿರುಗಿಸಿ ತಿರುಗಿಸಿ ವಾಲ್ವು ಸವೆದು ಸೋರುತ್ತಿತ್ತು. ಗುಬ್ಬಿ ಕುಡಿಯುತ್ತಿದ್ದದ್ದು ಆ ನೀರು.

"ಹೆಂಡತಿಗೆ ಗಿಡಗಳ ಹುಚ್ಚು, ಮೇಡಂ. ಎಷ್ಟು ನೀರಿದ್ರೂ ಸಾಲಲ್ಲ..."

ಚಿಕ್ಕಮ್ಮ ಕುರ್ಚಿಯಲ್ಲಿ ಆ ಕಡೆ ಬಾಗಿದಳು, ಈ ಕಡೆ ಬಾಗಿದಳು. ಅವರೂ ಅವಳ ಕಣ್ಣು ಹುಡುಕಿಕೊಂಡು ಆ ಕಡೆ ಈ ಕಡೆ ಬಾಗಿದರು. "ಸಾರ್, ಸ್ವಲ್ಪ ಸರೀರಿ," ಎಂದಳು. "ಕ್ಷಮಿಸಿದೀನಿ ಅಂತ ಹೇಳೋವರೆಗೂ ಸರಿಯಲ್ಲ," ಎಂದರು.

"ಕ್ಷಮಿಸಿದೀನಿ! ಸರೀರಿ!"

ಅವಳು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾರ್ಯದರ್ಶಿಗಳು ಬೆಚ್ಚಿ ಪಕ್ಕಕ್ಕೆ ಹಾರಿದರು. ಎದುರು ಗೋಡೆಯ ತೂತು ಖಾಲಿಯಾಗಿತ್ತು. ತಂತಿಯೂ ಖಾಲಿ. ಚಿಕ್ಕಮ್ಮ ದುರ್ಬೀನು ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡಳು. ಕಾರ್ಯದರ್ಶಿಗಳು ಹಗುರವಾದ ಮನಸ್ಸಿನಿಂದ, ಮೆಟ್ಟಿಲಿಳಿಯುತ್ತ ಶಿಳ್ಳೆ ಹಾಕುತ್ತ ಹೋದರು.

ಆಗ ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. "ಹಾರಿಹೋದ್ವಲ್ಲೇ ನಿನ್ನ ಮರಿಗಳು! ಪಾತ್ರೆ ತೊಳೀತಾ ಕಿಟಕಿಯಿಂದ ನೋಡ್ದೆ. ನಾಲ್ಕೂ ಒಂದರ ಹಿಂದೊಂದು. ಕೊನೇದು ಹೆದರಿ ಅಡುಗೆಮನೆ ಕಡೆ ತುದೀಲಿ ನಮ್ಮ ಬಟ್ಟೆ ಹಗ್ಗದ ಮೇಲೇ ಬಿತ್ತು, ನನ್ನ ಟವೆಲ್ ಕಚ್ಕೊಂಡು ಜೋಲಾಡ್ತು. ನಿನ್ನನ್ನ ಕರೆಯೋಣ ಅಂದ್ಕೊಂಡೆ. ಯಾರೋ ಬಂದಿದಾರೆ, ಮಾತಾಡ್ತಿದೀಯ ಅಂತ ಸುಮ್ನಾದೆ."

ಅಮ್ಮನಿಗೆ ಅತಿಥಿ ಮರ್ಯಾದೆ ನೆನಪಾದದ್ದು ಆ ಒಂದೇ ದಿನ.

ಚಿಕ್ಕಮ್ಮ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಪಕ್ಕದಲ್ಲಿದ್ದ ಬೆತ್ತದ ಸ್ಟೂಲನ್ನು ಅಕ್ಕನ ಕಡೆಗೆ ಎಳೆದು, "ಕೂತ್ಕೋ ಅಕ್ಕ," ಎಂದಳು. "ಮೊದಲಿನಿಂದ ಹೇಳು. ಮೊದಲನೇದು ಹೊರಗೆ ಬಂದಾಗ ರೆಕ್ಕೆ ಮೊದಲು ಬಿಚ್ಚಿತಾ, ಬಿದ್ದ ಮೇಲೆ ಬಿಚ್ಚಿತಾ?"

ಅಮ್ಮ ಹೇಳಿದಳು. ಅವತ್ತು ಸಂಜೆ ಮತ್ತೊಮ್ಮೆ ಹೇಳಿದಳು, ಮರುದಿನ ಇನ್ನೊಮ್ಮೆ. ಪ್ರತಿ ಸಲವೂ ಒಂದೆರಡು ಹೊಸ ಸಂಗತಿ ಸೇರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಒಂದು ಹದ್ದು ಕೂಡ ಬಂದು ಸೇರಿಕೊಂಡಿತು. ಚಿಕ್ಕಮ್ಮ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದಳು. ಯಾವುದು ನೋಡಿದ್ದು, ಯಾವುದು ಬೆಳೆಸಿದ್ದು ಎಂದು ಅವಳಿಗೆ ತಿಳಿಯದೆ ಇರಲಿಲ್ಲ.

ಎದುರು ಕಟ್ಟಡದಲ್ಲಿ ಆಮೇಲೆ ನೀರು ಎಲ್ಲರಿಗೂ ಬರತೊಡಗಿತು. ಹೆಡ್ಮಾಸ್ಟರು ಕಸದ ಚೀಲ ಹಿಡಿದು, ಕುಂಟುತ್ತ, ಕೆಳಗಿನ ತೊಟ್ಟಿಯವರೆಗೆ ನಡೆಯುವುದನ್ನು ಬೀದಿ ಬೆರಗಿನಿಂದ ನೋಡಿತು. ಸಂಗೀತದ ಟೀಚರ್ ನಿಜವಾಗಿಯೂ ಎದ್ದು ಹಾಡತೊಡಗಿದರು. ಅದೊಂದು ಮಾತ್ರ ಎಲ್ಲರಿಗೂ ನಷ್ಟವಾಯಿತು. ಪರದೆಗಳು ಒಂದೊಂದಾಗಿ ಸರಿದವು. ಇನ್ನು ಬಚ್ಚಿಡಲು ಏನೂ ಇಲ್ಲವೆಂದೋ, ಬಚ್ಚಿಟ್ಟು ಪ್ರಯೋಜನವಿಲ್ಲವೆಂದೋ.

ಗುಬ್ಬಿಗಳು ಅದೇ ತೂತಿಗೆ ಮತ್ತೆ ಹುಲ್ಲು ತರತೊಡಗಿವೆ. ಈಗ ಬಾಲ್ಕನಿಯಲ್ಲಿ ಎರಡು ಕುರ್ಚಿಗಳಿವೆ, ಎರಡನೆಯದರಲ್ಲಿ ಅಮ್ಮ. ಚಿಕ್ಕಮ್ಮ ಬರಿಗಣ್ಣಿನಿಂದಲೇ ಗುಬ್ಬಿ ನೋಡುತ್ತಾಳೆ, ಯಾಕೆಂದರೆ ದುರ್ಬೀನು ಹೆಚ್ಚಾಗಿ ಅಮ್ಮನ ಕೈಯಲ್ಲಿರುತ್ತದೆ. ನಿನ್ನೆ ನಾನು ಕೆಲಸಕ್ಕೆ ಹೊರಡುವಾಗಲೂ ಇಬ್ಬರೂ ಅಲ್ಲೇ ಇದ್ದರು.

"ಹೆಡ್ಮಾಸ್ಟರ ಮನೆಗೆ ಹೊಸ ಫ್ರಿಜ್ ಬಂದಿದೆ ಕಣೇ," ಎನ್ನುತ್ತಿದ್ದಳು ಅಮ್ಮ. "ಎರಡು ಬಾಗಿಲಿಂದು. ಅಯ್ಯೋ, ಕಾರ್ಯದರ್ಶಿ ಹೆಂಡತಿ ಅಳ್ತಿರೋ ಹಾಗಿದೆ... ಇಲ್ಲ ಇಲ್ಲ, ಈರುಳ್ಳಿ."

"ಅಕ್ಕ, ಸ್ವಲ್ಪ ಮೆತ್ತಗೆ."

ಎದುರು ಕಟ್ಟಡದವರು ಅಮ್ಮನಿಗೆ ಕೈ ಬೀಸಿದರು. ಅಮ್ಮ ದುರ್ಬೀನು ಇಳಿಸದೆಯೇ ಇನ್ನೊಂದು ಕೈಯಿಂದ ತಾನೂ ಬೀಸಿದಳು.